ಹೊಗೆಗೊಬ್ಬ ಕಾವಲುಗಾರ

ತರ್ಕಶಾಸ್ತ್ರದ ಪಾಠಕ್ಕೆ ಕುಳಿತ ವಿದ್ಯಾರ್ಥಿಗೆ ಗುರುಗಳು ಮೊದಲು ತೋರಿಸುವುದು ಒಂದು ಬೆಟ್ಟವನ್ನು. ಬೆಟ್ಟದ ಮೇಲೆ ಹೊಗೆ ಏಳುತ್ತಿದೆ; ಬೆಂಕಿ ಮಾತ್ರ ಕಣ್ಣಿಗೆ ಬೀಳುತ್ತಿಲ್ಲ. ಆದರೂ ಅಲ್ಲಿ ಬೆಂಕಿಯಿದೆಯೆಂದು ನಾವು ನಿಶ್ಚಯಿಸುತ್ತೇವೆ. ಯಾವ ಆಧಾರದಿಂದ ಎಂದು ಕೇಳಿದರೆ, ಅಡುಗೆಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಜೊತೆಯಾಗಿ ಕಂಡಿದ್ದೇವಲ್ಲ, ಆ ಆಧಾರದಿಂದ ಎನ್ನುತ್ತೇವೆ. ಅನುಮಾನವೆಂಬ ಪ್ರಮಾಣವನ್ನು ವಿವರಿಸಲು ನಮ್ಮ ಹಿರಿಯರು ಆಯ್ದುಕೊಂಡ ಉದಾಹರಣೆ ಇದು. ಅವರು ಇಷ್ಟಕ್ಕೇ ನಿಲ್ಲಿಸಲಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂದರೆ ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದರೆ ತಪ್ಪು, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ ಎಂದು ಎಚ್ಚರಿಸಿದರು. ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಈ ಷರತ್ತಿಗೆ ಉಪಾಧಿಯೆಂದು ಹೆಸರಿಟ್ಟರು.

ಈ ಹಳೆಯ ಪಾಠ ನನಗೆ ಮತ್ತೆ ನೆನಪಾದದ್ದು ಅಂಗೈಯಗಲದ ಒಂದು ಬಿಳಿಯ ಬಿಲ್ಲೆಯ ಚರಿತ್ರೆಯನ್ನು ಓದುವಾಗ. ಮನೆಯ ಚಾವಣಿಗೆ ತಿರುಗಿಸಿ ಕೂರಿಸುವ ಆ ಬಿಲ್ಲೆಗೆ ಸ್ಮೋಕ್ ಅಲಾರಂ ಎಂದು ಹೆಸರು. ಹೊಗೆ ಒಳಹೊಕ್ಕೊಡನೆ ಅದು ಕಿವಿ ಗಡಚಿಕ್ಕುವಂತೆ ಕೂಗಿಕೊಳ್ಳುತ್ತದೆ. ಅದಕ್ಕೊಬ್ಬ ಅಣ್ಣನಿದ್ದಾನೆ, ಶಾಖದ ಅಲಾರಂ. ಅವನು ಹೊಗೆಗೆ ಮಿಸುಕುವವನಲ್ಲ, ಕೋಣೆ ಕಾದರೆ ಮಾತ್ರ ಕೂಗುವವನು. ಅಣ್ಣ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ತಮ್ಮನು ಸಾಮಾನ್ಯರ ಮನೆಯ ಹೊಸಿಲು ದಾಟುವ ಹೊತ್ತಿಗೆ ೧೯೭೦ರ ದಶಕ ಬಂದಿತ್ತು. ಹೊಗೆಯೇ ಬೆಂಕಿಯ ಗುರುತೆಂಬ ಮಾತು ನಮ್ಮ ಪಾಠಶಾಲೆಗಳ ಹುಡುಗರಿಗೂ ಗೊತ್ತಿದ್ದಾಗ, ಯಂತ್ರಗಳನ್ನು ಕಟ್ಟುವ ಜನಕ್ಕೆ ಅದನ್ನು ಮನಗಾಣಲು ಎಂಬತ್ತು ವರ್ಷ ಏಕೆ ಬೇಕಾಯಿತು? ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಎಂಬತ್ತು ವರ್ಷಗಳ ಕಥೆಯನ್ನು.

ಯಂತ್ರಕ್ಕೆ ಮೊದಲು ಮನುಷ್ಯನೇ ಕಾವಲಿದ್ದ. ಲಂಡನ್ ನಗರವನ್ನು ಸುಟ್ಟ ೧೬೬೬ನೆಯ ಸೆಪ್ಟೆಂಬರಿನ ಮಹಾಗ್ನಿ ಮೊದಲಾದದ್ದು ಪುಡಿಂಗ್ ಲೇನ್ ಎಂಬ ಓಣಿಯ ಒಬ್ಬ ರೊಟ್ಟಿಯಂಗಡಿಯವನ ಮನೆಯಲ್ಲಿ. ನಡುರಾತ್ರಿ ಕಳೆದ ಮೇಲೆ ಆಳೊಬ್ಬ ಹೊಗೆಗೆ ಉಸಿರುಕಟ್ಟಿ ಎದ್ದು ಮನೆಯವರನ್ನು ಎಬ್ಬಿಸಿದ. ಅವರು ಮೇಲಿನ ಕಿಟಕಿಯಿಂದ ನೆರೆಮನೆಗೆ ದಾಟಿಕೊಂಡರು. ದಾಟಲು ಅಂಜಿದ ಮನೆಗೆಲಸದ ಹೆಂಗಸೊಬ್ಬಳು ಅಲ್ಲಿಯೇ ಉಳಿದು ಸತ್ತಳು. ಅದೇ ರಾತ್ರಿ ಮೂರು ಗಂಟೆಯ ಸುಮಾರಿಗೆ, ದಿನಚರಿಯಿಂದ ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸನನ್ನು ಅವನ ಮನೆಯ ಕೆಲಸದಾಕೆ ಎಬ್ಬಿಸಿ, ದೂರದಲ್ಲಿ ದೊಡ್ಡ ಬೆಂಕಿ ಕಾಣುತ್ತಿದೆಯೆಂದಳು. ಪೀಪ್ಸ್ ಎದ್ದು ಕಿಟಕಿಯಲ್ಲಿ ನೋಡಿ, ಇದು ಬಹಳ ದೂರದ್ದೆಂದು ಮತ್ತೆ ಮಲಗಿದ. ಎಬ್ಬಿಸುವವರು ಇದ್ದರಷ್ಟೇ ಸಾಲದು, ಎದ್ದವನಿಗೆ ನಂಬಿಕೆಯೂ ಬೇಕು. ಆ ಮಾತಿಗೆ ಮುಂದೆ ಮತ್ತೊಮ್ಮೆ ಬರುತ್ತೇನೆ.

ಎಬ್ಬಿಸುವವರು ಯಾರೂ ಇಲ್ಲದ ಮನೆಯಲ್ಲಿ ಹೊಗೆಯೇ ನಮ್ಮನ್ನು ಎಬ್ಬಿಸುತ್ತದೆಯಲ್ಲ ಎಂದು ಅನೇಕರು ತಿಳಿದಿದ್ದಾರೆ. ಸೀಗೆಪುಡಿ ಕುಟ್ಟಿದರೆ, ಮೆಣಸಿನಕಾಯಿ ಹುರಿದರೆ ಓಡಿಬರುವ ಮೂಗು, ಮನೆಯೇ ಹೊತ್ತಿಕೊಂಡಾಗ ಸುಮ್ಮನಿದ್ದೀತೆ ಎಂಬುದು ಸಹಜವಾದ ತರ್ಕ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡಾನ್ ಮತ್ತು ರೇಚಲ್ ಹರ್ಟ್ಸ್ ೨೦೦೪ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ತರ್ಕವನ್ನು ಮುರಿದುಹಾಕಿತು. ಮಲಗಿದವರ ಮೂಗಿಗೆ ಪುದೀನ ಜಾತಿಯ ಪೆಪ್ಪರ್‌ಮಿಂಟಿನ ಕಂಪನ್ನೂ, ಪಿರಿಡೀನ್ ಎಂಬ ದುರ್ಗಂಧದ ದ್ರವ್ಯವನ್ನೂ ಅವರು ಹಿಡಿದರು. ನಿದ್ದೆಯ ಹೊಸಿಲಿನಲ್ಲಿದ್ದಾಗ ವಾಸನೆ ತಿಳಿದವರಿಗೆ ಗಾಢನಿದ್ದೆಯಲ್ಲಿ ಏನೂ ತಿಳಿಯಲಿಲ್ಲ. ಅದೇ ಜನ ಶಬ್ದಕ್ಕೆ ಎದ್ದರು. ಕಿವಿ ಕಾವಲಿರುತ್ತದೆ, ಮೂಗು ಮಲಗುತ್ತದೆ. ಹುರಿದ ಮೆಣಸಿನಕಾಯಿಯ ಮಾತು ಬೇರೆ. ಅದು ವಾಸನೆಯಲ್ಲ, ಘಾಟು. ಅಂದರೆ ಮೂಗಿನೊಳಗಿನ ನೋವು. ಇದನ್ನೇ ಹಿಡಿದು ಜಪಾನಿನ ಕೆಲವರು, ಸಾಸಿವೆಯ ಘಾಟನ್ನೇ ಹೋಲುವ ವಸಾಬಿ ಎಂಬ ಗೆಡ್ಡೆಯ ಘಾಟನ್ನು ಗಾಳಿಗೆ ಬಿಟ್ಟು ಕಿವುಡರನ್ನು ಎಬ್ಬಿಸುವ ಅಲಾರಂ ಮಾಡಿದರು. ನಗಿಸಿ ಆಮೇಲೆ ಚಿಂತನೆಗೆ ಹಚ್ಚುವ ಶೋಧಗಳಿಗೆಂದು ಕೊಡುವ ಇಗ್‌ನೊಬೆಲ್ ಬಹುಮಾನ ೨೦೧೧ರಲ್ಲಿ ಅವರಿಗೆ ಸಂದಿತು.

ಮೂಗು ಎಚ್ಚರವಿದ್ದರೂ ಹೊಗೆಯೊಳಗಿನ ಮುಖ್ಯ ವಿಷವನ್ನು ಅದು ಅರಿಯಲಾರದು. ಗಾಳಿ ಸಾಲದೆ ಉರಿಯುವ ಪದಾರ್ಥದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ತಾನು ಕುಳಿತುಬಿಡುತ್ತದೆ. ನಿದ್ದೆಯಲ್ಲಿದ್ದವನ ನಿದ್ದೆ ಇನ್ನಷ್ಟು ಆಳವಾಗುತ್ತದೆ. ನಮ್ಮ ಬಡಾವಣೆಯಲ್ಲಿ ಕೆಲವು ವರ್ಷಗಳ ಹಿಂದೆ ಒಬ್ಬ ನಿವೃತ್ತ ಉಪಾಧ್ಯಾಯರು ಹೀಗೆ ತೀರಿಕೊಂಡರು. ಪಕ್ಕದ ಕೋಣೆಯಲ್ಲಿ ಮಡಿಸಿಟ್ಟ ಹಾಸಿಗೆಗಳ ಹಿಂದೆ ವಿದ್ಯುತ್ತಿನ ತಂತಿಯೊಂದು ಕಾದು, ಹಾಸಿಗೆ ಉರಿಯದೆ, ರಾತ್ರಿಯೆಲ್ಲ ಕನಲುತ್ತ ಹೊಗೆಯಾಡಿತ್ತು. ಬೆಳಗ್ಗೆ ನಾವು ನಾಲ್ಕಾರು ಮಂದಿ ಒಳಗೆ ಹೋದಾಗ ಅವರ ಕೋಣೆಯಲ್ಲಿ ಒಂದು ಕಾಗದವೂ ಸುಟ್ಟಿರಲಿಲ್ಲ. ಸೊಳ್ಳೆಪರದೆ ಮಸಿ ಹಿಡಿದಿತ್ತು. ತಲೆದಿಂಬಿನ ಪಕ್ಕ ಮಡಿಸಿಟ್ಟ ಕನ್ನಡಕ ಹಾಗೆಯೇ ಇತ್ತು. ಬೆಂಕಿಯ ಅನಾಹುತವೆಂದು ಪತ್ರಿಕೆಯವರು ಬರೆದರು. ಬೆಂಕಿ ಅವರ ಹತ್ತಿರಕ್ಕೂ ಬಂದಿರಲಿಲ್ಲ.

ಇನ್ನು ಯಂತ್ರಗಳ ಕಥೆ. ೧೮೯೦ರಲ್ಲಿ ಅಮೆರಿಕದಲ್ಲಿ, ಎಡಿಸನ್ನನ ಒಡನಾಡಿಯಾಗಿದ್ದ ಗಣಿತಜ್ಞ ಫ್ರಾನ್ಸಿಸ್ ರಾಬಿನ್ಸ್ ಅಪ್ಟನ್ನನೂ ಫರ್ನಾಂಡೋ ಡಿಬಲ್ ಎಂಬವನೂ ಕೂಡಿ, ತಾನೇ ತಾನಾಗಿ ಮೊಳಗುವ ವಿದ್ಯುತ್ ಬೆಂಕಿಗಂಟೆಗೆ ಪೇಟೆಂಟ್ ಪಡೆದರು. ಪೇಟೆಂಟಿನ ಶೀರ್ಷಿಕೆಯಲ್ಲಿ ಒಂದು ಅಕ್ಷರ ತಪ್ಪಿ ‘ಫೈರ್ ಅಲಾರಂ’ ಎಂಬುದು ‘ಟೈರ್ ಅಲಾರಂ’ ಎಂದು ಅಚ್ಚಾಯಿತೆಂಬುದು ಅಚ್ಚುಮೊಳೆಯ ದೆವ್ವಗಳ ಕೈವಾಡಕ್ಕೆ ಒಳ್ಳೆಯ ನಿದರ್ಶನ. ೧೯೦೨ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜಾರ್ಜ್ ಆಂಡ್ರೂ ಡಾರ್ಬಿ ಶಾಖಸೂಚಕದ ಪೇಟೆಂಟ್ ಪಡೆದ. ತತ್ತ್ವ ಸರಳವಾದದ್ದು. ಕಾದ ಲೋಹ ಹಿಗ್ಗುತ್ತದೆ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ಪಟ್ಟಿಗಳನ್ನು ಬೆಸೆದರೆ ಶಾಖಕ್ಕೆ ಅದು ಬಾಗುತ್ತದೆ. ಬಾಗಿದ ಪಟ್ಟಿ ತಂತಿಗೆ ತಾಗಿದರೆ ಗಂಟೆ ಬಾರಿಸುತ್ತದೆ. ಇಲ್ಲವೇ ಬೇಗ ಕರಗುವ ಲೋಹದ ಒಂದು ಚೂರು ಕರಗಿ ಕೀಲನ್ನು ಬಿಡುತ್ತದೆ. ಇವತ್ತಿಗೂ ಶಾಖದ ಅಲಾರಮ್ಮುಗಳು ಸಾಮಾನ್ಯವಾಗಿ ೫೭-೫೮ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಎಚ್ಚರಗೊಳ್ಳುತ್ತವೆ. ಕೆಲವು, ಶಾಖ ಏರುವ ವೇಗವನ್ನು ಗಮನಿಸಿ ಇನ್ನೂ ಮೊದಲೇ ಕೂಗುತ್ತವೆ.

ಶಾಖವನ್ನೇ ಹಿಡಿದದ್ದಕ್ಕೆ ಅದು ಸುಲಭವೆಂಬುದೊಂದೇ ಕಾರಣವಲ್ಲ. ಈ ಬಗೆಯ ಉಪಕರಣಗಳು ಹುಟ್ಟಿದ್ದು ಮಲಗುವ ಮನೆಗಾಗಿ ಅಲ್ಲ, ಸರಕಿನ ಉಗ್ರಾಣಕ್ಕಾಗಿ. ಶಾಖಕ್ಕೆ ತಾನೇ ನೀರು ಚಿಮ್ಮುವ ಸ್ಪ್ರಿಂಕ್ಲರನ್ನು ೧೮೭೪ರಲ್ಲಿ ಪೇಟೆಂಟ್ ಮಾಡಿಸಿದ ಹೆನ್ರಿ ಪಾರ್ಮಲಿ ಅದನ್ನು ರೂಪಿಸಿದ್ದು ನ್ಯೂಹೇವನ್ ನಗರದ ತನ್ನ ಪಿಯಾನೋ ಕಾರ್ಖಾನೆಯ ರಕ್ಷಣೆಗಾಗಿ. ಪಿಯಾನೋ ಉಸಿರಾಡುವುದಿಲ್ಲ. ಅರಳೆಯ ಹೊರೆಗೆ, ಮರದ ದಿಮ್ಮಿಗೆ ಹೊಗೆಯಿಂದ ಸಾವಿಲ್ಲ. ಉರಿಯಿಂದ ಮಾತ್ರ ನಷ್ಟ. ಉರಿ ಬಂದಾಗ ಕೂಗಿದರೆ ಅಲ್ಲಿ ಸಾಕು. ಸರಕನ್ನು ಕಾಯಲು ಕಲಿತ ಯಂತ್ರವನ್ನೇ ತಂದು ಮನುಷ್ಯನ ಹಾಸಿಗೆಯ ಮೇಲೆ ತೂಗುಹಾಕಿದ್ದು ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ದೊಡ್ಡ ಎಡವಟ್ಟು. ೧೯೫೦ರ ದಶಕದಲ್ಲಿ ಅಮೆರಿಕದ ಮನೆಗಳಿಗೆ ಬಂದ ಬೆಂಕಿಗಂಟೆಗಳು ಶಾಖದವೇ ಆಗಿದ್ದವು. ಆ ವೇಳೆಗೆ ಹೊಗೆಯನ್ನು ಹಿಡಿಯುವ ವಿದ್ಯೆ ಸಿದ್ಧವಾಗಿತ್ತೆಂಬುದನ್ನು ನೆನೆದರೆ ಎಡವಟ್ಟು ಇನ್ನೂ ದೊಡ್ಡದೆನಿಸುತ್ತದೆ.

ಆ ವಿದ್ಯೆ ಸಿದ್ಧವಾದದ್ದು ಆಕಸ್ಮಿಕವಾಗಿ. ೧೯೩೦ರ ದಶಕದ ಕೊನೆಯ ಭಾಗದಲ್ಲಿ ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲವನ್ನು ಪತ್ತೆಮಾಡುವ ಉಪಕರಣವೊಂದನ್ನು ರಚಿಸಲು ಹೊರಟ. ವಿಕಿರಣದಿಂದ ಗಾಳಿಯ ಕಣಗಳಿಗೆ ವಿದ್ಯುದಂಶ ಕೊಟ್ಟರೆ ಗಾಳಿಯೊಳಗೇ ಒಂದು ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತದೆ. ವಿಷಾನಿಲ ಒಳಬಂದರೆ ಆ ಪ್ರವಾಹ ಕುಗ್ಗಬೇಕೆಂಬುದು ಅವನ ಎಣಿಕೆ. ಅನಿಲ ಬಿಟ್ಟ, ಮುಳ್ಳು ಕದಲಲಿಲ್ಲ. ಬೇಸರದಿಂದ ಸಿಗರೇಟು ಹಚ್ಚಿದ; ಮುಳ್ಳು ಇಳಿಯಿತು. ವಿಷಾನಿಲ ಮಾಡದ ಕೆಲಸವನ್ನು ಹೊಗೆಯ ಕಣಗಳು ಮಾಡಿದ್ದವು. ಅವನ ದೇಶದವನೇ ಆದ ಅರ್ನ್‌ಸ್ಟ್ ಮೈಲಿ ಎಂಬವನು ಆ ಕ್ಷೀಣ ಸಂಕೇತವನ್ನು ಹಿಗ್ಗಿಸಿ ಗಂಟೆ ಬಾರಿಸುವಷ್ಟು ಬಲಪಡಿಸುವ ವಿಧಾನವನ್ನು ಕಂಡುಹಿಡಿದ. ೧೯೫೧ರಲ್ಲಿ ಇಂಥ ಉಪಕರಣ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಗಾತ್ರ ದೊಡ್ಡದು, ಬೆಲೆ ಇನ್ನೂ ದೊಡ್ಡದು. ಕಾರ್ಖಾನೆಗಳು, ದೊಡ್ಡ ವ್ಯಾಪಾರದ ಕಟ್ಟಡಗಳು ಮಾತ್ರ ಕೊಂಡವು.

ಮನೆಗೆ ಬರಬೇಕಾದರೆ ಅಗ್ಗದ, ಸಣ್ಣ, ಅಪಾಯವಿಲ್ಲದ ವಿಕಿರಣದ ಮೂಲ ಬೇಕಿತ್ತು. ಅದರ ಕಥೆ ರೇಡಿಯೋ ಕೇಳುವವರಿಗೆ ಪ್ರಿಯವಾದೀತು. ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಯುದ್ಧಕಾಲದ ಗುಟ್ಟಿನಲ್ಲಿ, ೧೯೪೪ರಲ್ಲಿ, ಅಮೆರಿಸಿಯಂ ಎಂಬ ಹೊಸ ಧಾತುವನ್ನು ಸೃಷ್ಟಿಸಿದ್ದರು. ೧೯೪೫ರ ನವೆಂಬರ್ ೧೧ರಂದು ಸೀಬೋರ್ಗ್ ಮಕ್ಕಳ ರಸಪ್ರಶ್ನೆಯ ಒಂದು ರೇಡಿಯೋ ಕಾರ್ಯಕ್ರಮಕ್ಕೆ ಅತಿಥಿಯಾಗಿ ಹೋಗಿದ್ದ. ಹೊಸ ಧಾತುಗಳೇನಾದರೂ ಸಿಕ್ಕಿವೆಯೇ ಎಂದು ಒಬ್ಬ ಹುಡುಗ ಕೇಳಿದ. ವಿದ್ವಾಂಸರ ಸಭೆಯಲ್ಲಿ ಐದು ದಿನ ಕಳೆದು ಪ್ರಕಟವಾಗಬೇಕಿದ್ದ ಸಂಗತಿಯನ್ನು ಸೀಬೋರ್ಗ್ ಆ ಹುಡುಗನಿಗೆ ಅಲ್ಲೇ ಹೇಳಿಬಿಟ್ಟ. ೧೯೬೨ರಲ್ಲಿ ಅಮೆರಿಕದ ಪರಮಾಣು ಶಕ್ತಿ ಆಯೋಗ ಅಮೆರಿಸಿಯಂ ಆಕ್ಸೈಡನ್ನು ಗ್ರಾಮಿಗೆ ೧,೫೦೦ ಡಾಲರಿನಂತೆ ಮಾರಾಟಕ್ಕಿಟ್ಟಿತು. ದುಬಾರಿಯೆನಿಸಬಹುದು, ಆದರೆ ಇಂದಿನ ಒಂದು ಅಲಾರಮ್ಮಿಗೆ ಬೇಕಾದದ್ದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗದ ಮೂರನೆಯ ಒಂದು ಪಾಲು ಮಾತ್ರ. ಒಂದು ಗ್ರಾಮಿನಲ್ಲಿ ಮೂವತ್ತು ಲಕ್ಷ ಅಲಾರಂ! ಅದರ ಕಿರಣಗಳನ್ನು ಒಂದು ಹಾಳೆ ಕಾಗದ ತಡೆಯುತ್ತದೆ, ಕೆಲವು ಅಂಗುಲ ಗಾಳಿಯೇ ತಡೆಯುತ್ತದೆ. ಬಿಲ್ಲೆಯನ್ನು ಬಿಚ್ಚಿ ಒಳಗಿನದನ್ನು ಕೆದಕುವ ಕುತೂಹಲಿಗಳು ಮಾತ್ರ ಹೆದರಬೇಕು.

ಡೆನ್ವರಿನ ಡುಯೇನ್ ಪಿಯರ್ಸಾಲ್ ಎಂಬ ಎಂಜಿನಿಯರ್ ಕಾರ್ಖಾನೆಗಳಲ್ಲಿ ಉಂಟಾಗುವ ಸ್ಥಿರವಿದ್ಯುತ್ತನ್ನು ನಿವಾರಿಸುವ ಯಂತ್ರವೊಂದನ್ನು ೧೯೬೦ರ ದಶಕದ ಮೊದಲ ವರ್ಷಗಳಲ್ಲಿ ಪರೀಕ್ಷಿಸುತ್ತಿದ್ದ. ಅಲ್ಲಿಯೂ ಕೆಲಸಗಾರನೊಬ್ಬನ ಸಿಗರೇಟಿನ ಹೊಗೆ ಮಾಪಕದ ಮುಳ್ಳನ್ನು ಕದಲಿಸಿತು. ಯೇಗರನಿಗೆ ಆದದ್ದೇ ಇವನಿಗೂ ಆಯಿತು. ಆದರೆ ಇವನು ಅದನ್ನು ಮನೆಯವರೆಗೆ ತಂದ. ೧೯೬೫ರಲ್ಲಿ ಅವನೂ ಸ್ಟಾನ್ಲಿ ಪೀಟರ್ಸನ್ನನೂ ಬ್ಯಾಟರಿಯಿಂದ ನಡೆಯುವ ಅಗ್ಗದ ಅಲಾರಮ್ಮಿಗೆ ರೂಪ ಕೊಟ್ಟರು. ೧೯೭೦ರ ದಶಕದ ನಡುವಿನ ಹೊತ್ತಿಗೆ ಅವು ಸಾವಿರಗಟ್ಟಲೆ ತಯಾರಾಗತೊಡಗಿದ್ದವು. ಎರಡು ಸಲವೂ ಗುಟ್ಟನ್ನು ಹೊರಗೆಡಹಿದ್ದು ಸಿಗರೇಟು. ಅಮೆರಿಕದ ಮನೆಗಳಲ್ಲಿ ಬೆಂಕಿಯಿಂದಾಗುವ ಸಾವುಗಳಿಗೆ ದಶಕಗಟ್ಟಲೆ ಮೊದಲನೆಯ ಕಾರಣವಾಗಿದ್ದುದೂ ಅದೇ ಸಿಗರೇಟು.

ಯಂತ್ರ ಬಂದರೂ ವಾದ ತೀರಿರಲಿಲ್ಲ. ಶಾಖದ ಗಂಟೆ ಅಗ್ಗ, ಸುಳ್ಳು ಹೇಳುವುದಿಲ್ಲ, ಅದೇ ಸಾಕೆನ್ನುವವರು ಬಹಳ ಜನ. ಈ ವಾದಕ್ಕೆ ಕೊನೆಯ ಉತ್ತರ ಕೊಟ್ಟದ್ದು, ನನಗೆ ತೋರುವ ಮಟ್ಟಿಗೆ, ಪ್ರಯೋಗಶಾಲೆಯಲ್ಲ, ಕೆನಡದ ಇಬ್ಬರು ಸಂಶೋಧಕರ ಲೆಕ್ಕದ ಪುಸ್ತಕ. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಮೆಕ್‌ಗ್ವೈರ್ ಮತ್ತು ರಸ್ಕೋ ಎಂಬವರು ಒಂಟಾರಿಯೋ ಪ್ರಾಂತದಲ್ಲಿ ೧೯೫೬ರಿಂದ ೧೯೬೦ರವರೆಗೆ ಮನೆಬೆಂಕಿಯಲ್ಲಿ ಸತ್ತ ೩೪೨ ಜನರ ವಿವರಗಳನ್ನು ತರಿಸಿಕೊಂಡು, ಒಂದೊಂದು ಸಾವಿನ ಮುಂದೆಯೂ ಕುಳಿತು ಯೋಚಿಸಿದರು: ಈ ಮನೆಯಲ್ಲಿ ಶಾಖದ ಗಂಟೆ ಇದ್ದಿದ್ದರೆ ಈತ ಬದುಕುತ್ತಿದ್ದನೆ? ಹೊಗೆಯ ಗಂಟೆ ಇದ್ದಿದ್ದರೆ? ೧೯೬೨ರಲ್ಲಿ ಅವರು ಪ್ರಕಟಿಸಿದ ಉತ್ತರ ಹೀಗಿತ್ತು: ಶಾಖದ ಗಂಟೆ ನೂರಕ್ಕೆ ೮ ಮಂದಿಯನ್ನು ಉಳಿಸಬಹುದಾಗಿತ್ತು, ಹೊಗೆಯ ಗಂಟೆ ೪೧ ಮಂದಿಯನ್ನು. ಎಂಟು ಮತ್ತು ನಲವತ್ತೊಂದರ ನಡುವಣ ಆ ಅಂತರದಲ್ಲಿ ನಮ್ಮ ಉಪಾಧ್ಯಾಯರಂಥವರು ಎಷ್ಟು ಮಂದಿಯಿದ್ದರೋ! ಸತ್ತವರ ಪಟ್ಟಿಯನ್ನು ಹೀಗೆ ಓದುವುದು ಕಠಿನವಾದ ಕೆಲಸ. ಆದರೆ ಯಂತ್ರಗಳ ಗುಣವನ್ನು ತೂಗಲು ಇದಕ್ಕಿಂತ ನ್ಯಾಯವಾದ ತಕ್ಕಡಿ ನನಗೆ ಕಾಣದು. ೧೯೭೩ರಲ್ಲಿ ಅಮೆರಿಕದ ರಾಷ್ಟ್ರೀಯ ಆಯೋಗವೊಂದು ‘ಅಮೆರಿಕ ಬರ್ನಿಂಗ್’ ಎಂಬ ವರದಿಯಲ್ಲಿ ಆ ದೇಶದಲ್ಲಿ ವರ್ಷಕ್ಕೆ ಸುಮಾರು ೧೨,೦೦೦ ಜನ ಬೆಂಕಿಗೆ ಬಲಿಯಾಗುತ್ತಿದ್ದಾರೆಂದು ಹೇಳಿದ ಮೇಲಂತೂ ಹೊಗೆಯ ಅಲಾರಮ್ಮಿನ ಪ್ರಚಾರಕ್ಕೆ ಸರಕಾರವೇ ನಿಂತಿತು.

ಮುಂದಿನ ಪ್ರಶ್ನೆ, ಎಲ್ಲಿ ಇಡಬೇಕು? ಮಿಚಿಗನ್ ಸರೋವರದ ದಕ್ಷಿಣದ ದಂಡೆಯಲ್ಲಿ ಇಂಡಿಯಾನ ಡ್ಯೂನ್ಸ್ ಎಂಬ ಮರಳುದಿಬ್ಬಗಳ ಪ್ರದೇಶವಿದೆ. ಅದನ್ನು ರಾಷ್ಟ್ರೀಯ ಉದ್ಯಾನವಾಗಿ ಮಾಡಲು ಸರಕಾರ ಕೊಂಡ ಮನೆಗಳು ಕೆಡವುವುದಕ್ಕಾಗಿ ಕಾದು ನಿಂತಿದ್ದವು. ೧೯೭೦ರ ದಶಕದ ನಡುವೆ ವಿಜ್ಞಾನಿಗಳು ಆ ಮನೆಗಳಿಗೆ ಕುರ್ಚಿ, ಹಾಸಿಗೆ ತಂದಿಟ್ಟು, ಮೂಲೆಮೂಲೆಯಲ್ಲಿ ಅಲಾರಂ ತೂಗುಹಾಕಿ, ಒಟ್ಟು ೭೬ ಸಲ ಬೆಂಕಿಯಿಟ್ಟರು. ಎಲ್ಲಿಟ್ಟ ಗಂಟೆ ಮೊದಲು ಮೊಳಗಿತು, ಆಗ ಮೆಟ್ಟಿಲಲ್ಲಿ ಹೊಗೆ ಎಷ್ಟಿತ್ತು, ಮನುಷ್ಯ ಇಳಿದು ಹೊರಬರಲು ಎಷ್ಟು ನಿಮಿಷ ಉಳಿದಿತ್ತು, ಎಲ್ಲವನ್ನೂ ಬರೆದುಕೊಂಡರು. ಬೆಂಕಿಬಿದ್ದ ಕೋಣೆಯಲ್ಲೇ ಇದ್ದ ಶಾಖದ ಗಂಟೆ ಬಾಯಿ ತೆರೆಯುವ ಮೊದಲೇ ಹೊರಗಿನ ಓಣಿಯಲ್ಲಿದ್ದ ಹೊಗೆಯ ಗಂಟೆ ಕೂಗಿದ ಪ್ರಸಂಗಗಳು ಅನೇಕ. ಮನೆಯ ಪ್ರತಿಯೊಂದು ಅಂತಸ್ತಿನಲ್ಲಿಯೂ ಒಂದು ಹೊಗೆಯ ಅಲಾರಂ ಇರಬೇಕೆಂಬ, ಇಂದು ಲೋಕವೆಲ್ಲ ಒಪ್ಪಿರುವ ನಿಯಮ ಬಂದದ್ದು ಆ ಹಾಳುಮನೆಗಳ ಬೂದಿಯಿಂದ.

ಅದೇ ಬಗೆಯ ಪರೀಕ್ಷೆಯನ್ನು ಮೂವತ್ತು ವರ್ಷಗಳ ತರುವಾಯ ಮತ್ತೆ ಮಾಡಿ ೨೦೦೪ರಲ್ಲಿ ವರದಿ ಬರೆದರು. ಉರಿಯುವ ಬೆಂಕಿಯಲ್ಲಿ ಗಂಟೆ ಮೊಳಗಿದ ಮೇಲೆ ಪಾರಾಗಲು ೧೯೭೦ರ ದಶಕದಲ್ಲಿ ಸುಮಾರು ೧೭ ನಿಮಿಷ ಸಿಗುತ್ತಿದ್ದರೆ, ಈಗ ಸಿಕ್ಕದ್ದು ಸುಮಾರು ೩ ನಿಮಿಷ. ಗಂಟೆ ಕೆಟ್ಟದಾಗಿರಲಿಲ್ಲ; ಮನೆಯ ಸಾಮಾನು ಬೇರೆಯಾಗಿತ್ತು. ಹತ್ತಿ, ನಾರು, ಮರಗಳ ಬದಲು ಪಾಲಿಯುರೆಥೇನ್ ಫೋಮ್ ಬಂದಿತ್ತು. ನಮ್ಮ ಮನೆಗಳಲ್ಲಿಯೂ ಹತ್ತಿಯ ಹಾಸಿಗೆ ಹೋಗಿ ಫೋಮು ಬಂದಿದೆಯೆಂಬುದನ್ನು ಹೇಳಬೇಕಾಗಿಲ್ಲ.

ಹೊಗೆಯಲ್ಲಿಯೂ ಎರಡು ಜಾತಿಯುಂಟೆಂಬುದನ್ನು ಆ ಪರೀಕ್ಷೆಗಳು ಸ್ಪಷ್ಟಪಡಿಸಿದವು. ಧಗಧಗಿಸಿ ಉರಿಯುವ ಬೆಂಕಿಯ ಹೊಗೆಯ ಕಣಗಳು ಅತಿ ಸೂಕ್ಷ್ಮ. ಅವುಗಳನ್ನು ಅಮೆರಿಸಿಯಮ್ಮಿನ ಅಲಾರಂ ಬೇಗ ಹಿಡಿಯುತ್ತದೆ. ಕನಲುತ್ತ ಹೊಗೆಯಾಡುವ ಹಾಸಿಗೆಯ ಕಣಗಳು ದಪ್ಪ; ಅವುಗಳನ್ನು ಹಿಡಿಯಲು ಬೆಳಕಿನ ಅಲಾರಮ್ಮೇ ಮೇಲು. ೧೯೭೨ರಲ್ಲಿ ಅಮೆರಿಕದಲ್ಲಿ ಪೇಟೆಂಟಾದ ಈ ಎರಡನೆಯ ಬಗೆಯನ್ನು ವಿವರಿಸಲು ನಮ್ಮ ಹಳೆಯ ಮನೆಗಳ ಗಾಜಿನ ಹೆಂಚೇ ಸಾಕು. ಆ ಹೆಂಚಿನಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಹೊಳೆಯುವುದನ್ನು ಕಾಣದವರು ಯಾರು? ವೈಶೇಷಿಕರು ತ್ರಸರೇಣುವೆಂದದ್ದು ಅದನ್ನೇ. ಬಿಲ್ಲೆಯೊಳಗಿನ ಕತ್ತಲೆಯಲ್ಲಿ ಒಂದು ಬೆಳಕಿನ ಕೋಲಿರುತ್ತದೆ. ಅದಕ್ಕೆ ಓರೆಯಾಗಿ ಒಂದು ಕಣ್ಣಿರುತ್ತದೆ. ಶುದ್ಧ ಗಾಳಿಯಲ್ಲಿ ಕಣ್ಣಿಗೆ ಬೆಳಕು ಬೀಳದು. ಹೊಗೆಯ ಕಣ ಬಂದು ಬೆಳಕು ಚೆದರಿತೋ, ಕಣ್ಣು ಕಂಡಿತು, ಗಂಟೆ ಕೂಗಿತು. ಹಸಿಸೌದೆಯೆಂಬ ಉಪಾಧಿಯನ್ನು ಹೇಳಿದ ನೈಯಾಯಿಕರು ಈ ಎರಡು ಜಾತಿಯ ಹೊಗೆಯನ್ನು ಕಂಡು ತಲೆದೂಗುತ್ತಿದ್ದರೆಂದು ನಾನು ನಂಬಿದ್ದೇನೆ. ಒಂದನ್ನೇ ಕೊಳ್ಳುವುದಾದರೆ ಮಲಗುವ ಕೋಣೆಗೆ ನಾನು ಬೆಳಕಿನದನ್ನೇ ಹೇಳುತ್ತೇನೆ. ನಿದ್ದೆಯಲ್ಲಿ ಕೊಲ್ಲುವುದು ಹೆಚ್ಚಾಗಿ ಕನಲುವ ಬೆಂಕಿ. ಅದರಲ್ಲಿ ವಿಕಿರಣದ ಗೊಡವೆಯೂ ಇಲ್ಲ.

ಈಗ ಪೀಪ್ಸನ ಪ್ರಶ್ನೆಗೆ ಬರೋಣ. ಗಂಟೆ ಕೂಗಿದರೂ ನಂಬದೆ ಮಲಗುವವನನ್ನು ಏನು ಮಾಡುವುದು? ಅಮೆರಿಕದಲ್ಲಿ ಮನೆಬೆಂಕಿಯಿಂದ ಸಾಯುವ ಐವರಲ್ಲಿ ಸುಮಾರು ಮೂವರು ಅಲಾರಮ್ಮೇ ಇಲ್ಲದ, ಇಲ್ಲವೇ ಇದ್ದೂ ಕೆಲಸ ಮಾಡದ ಮನೆಗಳವರು. ಕೆಲಸ ಮಾಡದಿರಲು ಮುಖ್ಯ ಕಾರಣ, ಮನೆಯವರೇ ಬ್ಯಾಟರಿ ಕಿತ್ತಿಟ್ಟಿರುವುದು. ಕಿತ್ತದ್ದೇಕೆಂದರೆ, ರೊಟ್ಟಿ ಸೀದಾಗಲೆಲ್ಲ ಅದು ಕಿರುಚುತ್ತಿತ್ತು. ತರ್ಕಶಾಸ್ತ್ರ ಯಾವ ಅಡುಗೆಮನೆಯನ್ನು ದೃಷ್ಟಾಂತವಾಗಿ ಕೊಟ್ಟಿತೋ ಅದೇ ಅಡುಗೆಮನೆಯಲ್ಲಿ ಹೊಗೆಯ ಗಂಟೆ ಸೋಲುತ್ತದೆ. ಅಲ್ಲಿ ಹೊಗೆ ಅಪಾಯದ ಗುರುತಲ್ಲ, ಊಟದ ಗುರುತು. ಒಗ್ಗರಣೆ, ಹಪ್ಪಳ ಸುಡುವುದು, ದೋಸೆಯ ಹೆಂಚು. ನಮ್ಮ ಅಡುಗೆಮನೆಯಲ್ಲಿ ಹೊಗೆಯ ಅಲಾರಮ್ಮನ್ನಿಟ್ಟರೆ ವಾರದೊಳಗೆ ಅದು ಅಟ್ಟ ಸೇರುತ್ತದೆ. ಅಣ್ಣನ ಕಾಲ ಬರುವುದು ಇಲ್ಲಿಯೇ. ಹಾಸಿಗೆಯ ಮೇಲೆ ನಿರುಪಯೋಗಿಯಾದ ಶಾಖದ ಗಂಟೆ ಒಲೆಯ ಕೋಣೆಯಲ್ಲಿ ಸಮರ್ಥ ಕಾವಲುಗಾರ. ಹೊಗೆಯನ್ನು ಅವನು ಲೆಕ್ಕಿಸನು, ಎಣ್ಣೆಯ ಬಾಣಲೆ ಹೊತ್ತಿಕೊಂಡರೆ ಬಿಡನು. ಸ್ಕಾಟ್ಲೆಂಡಿನಲ್ಲಿ ೨೦೨೨ರ ಫೆಬ್ರವರಿಯಿಂದ ಜಾರಿಗೆ ಬಂದ ನಿಯಮ ಈ ವಿವೇಕವನ್ನೇ ಬರೆದಿಟ್ಟಿದೆ: ಹಗಲು ಹೆಚ್ಚಾಗಿ ಕೂರುವ ಕೋಣೆಯಲ್ಲಿ ಒಂದು ಹೊಗೆಯ ಅಲಾರಂ, ಪ್ರತಿ ಅಂತಸ್ತಿನ ಓಣಿಯಲ್ಲಿ ಇಲ್ಲವೇ ಮೆಟ್ಟಿಲ ತಲೆಯಲ್ಲಿ ಒಂದು, ಅಡುಗೆಮನೆಗಳಲ್ಲಿ ಶಾಖದ ಅಲಾರಂ; ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಅವುಗಳ ನಡುವೆ ಸಂಪರ್ಕ.

ನಮ್ಮಲ್ಲಿ ಸಾಮಾನ್ಯ ಮನೆಗಳಿಗೆ ಇಂಥ ಕಡ್ಡಾಯವಿಲ್ಲ. ನಮ್ಮ ಹಿರಿಯರಿಗೆ ಅದು ಬೇಕಾಗಿಯೂ ಇರಲಿಲ್ಲವೇನೋ. ತೊಟ್ಟಿಮನೆಗೆ ಆಕಾಶವೇ ಚಾವಣಿ; ಹೆಂಚಿನ ಸಂದಿಗಳಿಂದ ಹೊಗೆ ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಬಿತ್ತನೆಯ ಕಾಳಿಟ್ಟು ಹುಳು ಬೀಳದಂತೆ ನೋಡಿಕೊಂಡ ಮಲೆನಾಡಿನ ಗೃಹಿಣಿಗೆ ಹೊಗೆ ಮೊದಲು ಮೇಲಕ್ಕೇರಿ ಅಲ್ಲಿ ಹರಡಿಕೊಂಡು ಆಮೇಲೆ ಇಳಿಯುತ್ತದೆಂಬುದು ಗೊತ್ತಿತ್ತು. ಈಗಿನ ಕಾಂಕ್ರೀಟಿನ ಮನೆಗೆ ತೊಟ್ಟಿಯಿಲ್ಲ, ಸಂದಿಯಿಲ್ಲ. ಸೊಳ್ಳೆಗೆ ಹೆದರಿ ಕಿಟಕಿಯೂ ಮುಚ್ಚಿದೆ. ತಲೆದಿಂಬಿನ ಪಕ್ಕ ಫೋನು, ಹೊಸಿಲ ಬಳಿ ವಿದ್ಯುತ್ ಸ್ಕೂಟರು, ಮೆಟ್ಟಿಲ ಕೆಳಗೆ ಇನ್ವರ್ಟರು ರಾತ್ರಿಯಿಡೀ ವಿದ್ಯುತ್ತನ್ನು ಕುಡಿಯುತ್ತಿರುತ್ತವೆ. ಹೊಗೆ ಏನು ಮಾಡಬಲ್ಲದೆಂಬುದನ್ನು ಬೆಂಗಳೂರು ೨೦೧೦ರ ಫೆಬ್ರವರಿ ೨೩ರಂದು ಹಗಲಿನಲ್ಲೇ ಕಂಡಿತು. ಹಳೆಯ ವಿಮಾನ ನಿಲ್ದಾಣದ ರಸ್ತೆಯ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಮೇಲಿನ ಕಿಟಕಿಗಳಿಂದ ಧುಮುಕಿದವರೂ ಅವರಲ್ಲಿದ್ದರು. ಅದು ಕಚೇರಿಗಳ ಕಟ್ಟಡ, ಎಲ್ಲರೂ ಎಚ್ಚರವಿದ್ದರು. ನಾನು ಹೇಳುತ್ತಿರುವುದು ಮಲಗಿದ ಮನೆಯ ಮಾತು.

ಆದ್ದರಿಂದ ನನ್ನ ಮನೆಯಲ್ಲಿ ಏನು ಮಾಡಿದ್ದೇನೆಂದು ಹೇಳಿದರೆ ತಪ್ಪಾಗಲಾರದು. ಮಲಗುವ ಎರಡು ಕೋಣೆಗಳಲ್ಲಿ ಒಂದೊಂದು, ಅವುಗಳ ಬಾಗಿಲು ತೆರೆಯುವ ಓಣಿಯಲ್ಲಿ ಒಂದು, ಮಹಡಿಯ ಮೆಟ್ಟಿಲ ತಲೆಯಲ್ಲಿ ಒಂದು, ಹೀಗೆ ನಾಲ್ಕು ಹೊಗೆಯ ಅಲಾರಂ ಚಾವಣಿಯ ನಡುಭಾಗದಲ್ಲಿವೆ. ಗೋಡೆಗೆ ಹಾಕುವುದಾದರೆ ಚಾವಣಿಯಿಂದ ಒಂದು ಅಡಿಯೊಳಗೆ ಇರಬೇಕು. ತಿರುಗುವ ಫ್ಯಾನಿನ ರೆಕ್ಕೆಯ ತುದಿಯಿಂದ ಮೂರಡಿಯಾದರೂ ದೂರವಿರಬೇಕು, ಇಲ್ಲವಾದರೆ ಹೊಗೆ

ಬಿಲ್ಲೆಯನ್ನು ಮುಟ್ಟುವ ಮೊದಲೇ ಗಾಳಿಗೆ ಚೆದರಿಹೋಗುತ್ತದೆ. ಬಚ್ಚಲಿನ ಬಾಗಿಲ ಮುಂದೆ ಇಡಬಾರದು, ಹಬೆಯನ್ನು ಅದು ಹೊಗೆಯೆಂದು ಭ್ರಮಿಸುತ್ತದೆ. ಒಲೆಯಿಂದ ಹತ್ತು ಅಡಿ ಆಚೆಗಿರಲಿ. ಅಡುಗೆಮನೆಯಲ್ಲಿ ಶಾಖದ್ದು ಒಂದಿದೆ. ದೇವರ ಮನೆಯ ವಿಷಯದಲ್ಲಿ ಮಾತ್ರ ಮನೆಯವರಿಗೂ ನನಗೂ ಚರ್ಚೆಯಾಯಿತು. ರಾತ್ರಿ ಉರಿಯುವ ನಂದಾದೀಪವಿರುವ ಕೋಣೆಗೆ ಕಾವಲು ಬೇಕು. ಸಾಂಬ್ರಾಣಿಯ ಹೊಗೆಗೆ ಕೂಗುವ ಕಾವಲು ಬೇಡ. ಅಲ್ಲಿಗೂ ಅಣ್ಣನನ್ನೇ ಕರೆತಂದೆವು. ತಿಂಗಳಿಗೊಮ್ಮೆ ಗುಂಡಿಯೊತ್ತಿ ಕೂಗಿಸಿ ನೋಡುತ್ತೇನೆ. ಹತ್ತು ವರ್ಷ ಕಳೆದ ಬಿಲ್ಲೆಯನ್ನು, ಅದು ಕೂಗುತ್ತಿದ್ದರೂ, ಬದಲಿಸಬೇಕು; ತಯಾರಾದ ದಿನಾಂಕ ಅದರ ಬೆನ್ನ ಮೇಲೆಯೇ ಅಚ್ಚಾಗಿರುತ್ತದೆ.

ಕೊನೆಗೆ ಕೂಗಿನ ಮಾತು. ಕಿವಿ ಕಾವಲಿರುತ್ತದೆಂದು ಆಗಲೇ ಹೇಳಿದೆ. ಆದರೆ ಎಲ್ಲ ಕಿವಿಗಳೂ ಒಂದೇ ಅಲ್ಲ. ಈ ಅಲಾರಮ್ಮುಗಳ ಕೀರಲು ದನಿಯನ್ನು ಮುದುಕರ ಕಿವಿ ಸರಿಯಾಗಿ ಗ್ರಹಿಸದು. ಆಸ್ಟ್ರೇಲಿಯದ ಡೊರೊಥಿ ಬ್ರಕ್ ಮತ್ತು ಸಂಗಡಿಗರ ಪರೀಕ್ಷೆಗಳಲ್ಲಿ ಸೆಕೆಂಡಿಗೆ ೫೨೦ ಕಂಪನದ ತಗ್ಗುದನಿಯೇ ಹೆಚ್ಚು ಜನರನ್ನು ಎಬ್ಬಿಸಿತು. ಮಕ್ಕಳ ನಿದ್ದೆಯಂತೂ ಬೇರೆಯೇ. ಅಮೆರಿಕದ ಒಹಾಯೋ ರಾಜ್ಯದ ವೈದ್ಯರು ೨೦೦೬ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಆರರಿಂದ ಹನ್ನೆರಡು ವರ್ಷದ ೨೪ ಮಕ್ಕಳು ಗಾಢನಿದ್ದೆಯಲ್ಲಿದ್ದಾಗ ಸಾಮಾನ್ಯ ಅಲಾರಮ್ಮನ್ನು ಕೂಗಿಸಿದರೆ ಎದ್ದವರು ೧೪ ಮಂದಿ. ಅದೇ ಮಕ್ಕಳಿಗೆ ಮತ್ತೊಮ್ಮೆ, ಮೊದಲೇ ಮುದ್ರಿಸಿಟ್ಟುಕೊಂಡಿದ್ದ ಅವರವರ ತಾಯಿಯ ದನಿಯಲ್ಲಿ ಹೆಸರು ಹಿಡಿದು ಕರೆದು, ಏಳು, ಹೊರಗೆ ಹೋಗು ಎಂದು ಹೇಳಿಸಿದರು. ಎದ್ದವರು ೨೩. ಮುಂದೆ ಇನ್ನೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು ಪರೀಕ್ಷಿಸಿದಾಗ, ಹೆಸರು ಹಿಡಿದು ಕರೆದರೂ ಕರೆಯದಿದ್ದರೂ ಹೆಚ್ಚಿನ ವ್ಯತ್ಯಾಸವಿಲ್ಲ, ದನಿಯೊಂದಿದ್ದರೆ ಸಾಕು ಎಂದು ತಿಳಿದುಬಂದಿತು.